ಹೊಟ್ಟೆಯೊಳಗಿನ ಜ್ವರ

ನಮ್ಮ ಮನೆಯಲ್ಲಿ ಜ್ವರ ಬಂದವರನ್ನು ಮಲಗಿಸುತ್ತಿದ್ದದ್ದು ರಾಗಿ ಕೋಣೆಯಲ್ಲಿ. ನಡುಮನೆಯ ಎಡಕ್ಕೆ, ಅಡುಗೆಮನೆಗೆ ಒತ್ತಿಕೊಂಡಂತಿದ್ದ ಉದ್ದನೆಯ ಕೋಣೆ ಅದು. ಗೋಡೆಯುದ್ದಕ್ಕೂ ಆಳೆತ್ತರದ ಮಣ್ಣಿನ ವಾಡೆಗಳು, ಅವುಗಳ ತುಂಬ ವರ್ಷದ ರಾಗಿ. ಮೂಲೆಯಲ್ಲಿ ಬೂದಿ ಬೆರೆಸಿ ಕಟ್ಟಿಟ್ಟ ಅವರೆ, ಹುರುಳಿಯ ಬೀಜದ ಗಂಟುಗಳು. ಕಿಟಕಿ ಇರಲಿಲ್ಲ. ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚು ಇತ್ತು. ಅದರಿಂದ ಇಳಿದ ಬಿಸಿಲಿನ ತುಂಡು ಬೆಳಿಗ್ಗೆ ವಾಡೆಯ ಕೊರಳ ಮೇಲಿದ್ದು, ಮಧ್ಯಾಹ್ನಕ್ಕೆ ನೆಲಕ್ಕಿಳಿದು, ಸಂಜೆ ಎದುರು ಗೋಡೆ ಹತ್ತಿ ಆರಿಹೋಗುತ್ತಿತ್ತು. ಬಾಗಿಲು ಗಿಡ್ಡ, ದೊಡ್ಡವರು ತಲೆ ತಗ್ಗಿಸಿಯೇ ಒಳಗೆ ಬರಬೇಕು. ಕೋಳಿಗಳು ನುಗ್ಗಿ ಕೆದರಬಾರದೆಂದು ಚಿಲಕ ಹೊರಗಡೆ. ಜ್ವರದವರಿಗೆ ಗಾಳಿ ಸೋಕಬಾರದು, ಬೆಳಕು ಸೋಕಬಾರದು, ಉಂಡು ಬಂದವರ ಕಣ್ಣು ಸೋಕಬಾರದು ಎಂಬುದು ಅಜ್ಜಿಯ ಕಟ್ಟಳೆ. ಹಾಗಾಗಿ ಮನೆಯಲ್ಲಿ ಯಾರ ಮೈ ಬೆಚ್ಚಗಾದರೂ ಈಚಲು ಚಾಪೆ ಆ ಕೋಣೆಗೆ ಹೋಗುತ್ತಿತ್ತು. ಒಂದೆರಡು ದಿನ ಬೆವರಿ, ಬೇವಿನ ಸೊಪ್ಪಿನ ನೀರು ಹುಯ್ಯಿಸಿಕೊಂಡು ಎದ್ದು ಬರುತ್ತಿದ್ದೆವು. ನಾನು ನಾಲ್ಕನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಮಾತ್ರ ಆ ಕೋಣೆಗೆ ಹೋದವಳು ಹಾಗೆ ಎದ್ದು ಬರಲಿಲ್ಲ.

ಮಿರ್ಲೆಗೆ ಹತ್ತಿರದ ನಮ್ಮೂರು ನಾಲೆ ನೀರಿನ ಊರು. ಗದ್ದೆ ಇದ್ದವರ ಮನೆ ಎಂಬ ಬಿಗುಮಾನ ಅಜ್ಜಿಗೆ ಮೈತುಂಬ ಇತ್ತು. ಗಂಡ ಸತ್ತ ಮೇಲೆ ಬೇಸಾಯ, ಆಳುಕಾಳು, ಕೊಟ್ಟಿಗೆ ಎಲ್ಲವನ್ನೂ ಒಬ್ಬಳೇ ನಿಭಾಯಿಸಿದ್ದವಳು. ಅಪ್ಪ ಅವಳಿಗೆ ಉಳಿದಿದ್ದ ಒಬ್ಬನೇ ಮಗ. ಅಜ್ಜಿಯ ಮಾತಿಗೆ ಅಪ್ಪ ಎದುರಾಡಿದ್ದನ್ನು ನಾನು ಕಂಡವಳಲ್ಲ. ಬೇಸರವಾದರೆ ಎದ್ದು ಎತ್ತುಗಳ ಹತ್ತಿರ ಹೋಗಿ ನಿಲ್ಲುತ್ತಿದ್ದ. ಅವ್ವ ನಿಂಗಮ್ಮ ಪಿರಿಯಾಪಟ್ಟಣದ ಕಡೆಯ ಹಾರನಹಳ್ಳಿ ಸೀಮೆಯವಳು, ಮಳೆ ನಂಬಿದ ಹೊಲದ ಕಡೆಯವಳು. ಅವಳು ಸಾರಿಗೆ ಒಂದು ಹಿಡಿ ಕಾಳು ಕಡಿಮೆ ಹಾಕಿದರೆ 'ಹೊಲದ ಸೀಮೆ ಕೈ' ಎಂದೂ, ಜಾಸ್ತಿ ಹಾಕಿದರೆ 'ಕಾಣದವಳು ಕಂಡಳು' ಎಂದೂ ಅಜ್ಜಿ ಅನ್ನುತ್ತಿದ್ದಳು. ಅವ್ವ ತಲೆ ಎತ್ತದೆ ಒಲೆ ಊದುತ್ತಿದ್ದಳು. ಅದು ಹೊಗೆಯ ಕಣ್ಣೀರೋ ಬೇರೆಯದೋ ಎಂದು ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ.

ಆ ಬೇಸಿಗೆ ನಾಲೆಗೆ ನೀರು ನಿಲ್ಲಿಸಿದ್ದರು. ಸೇತುವೆಯ ಕೆಳಗೆ ಮಾತ್ರ ಹಸಿರುಗಟ್ಟಿದ ಮಡು ಉಳಿದಿತ್ತು. ದನ ಅಲ್ಲೇ ಮಲಗುತ್ತಿದ್ದವು, ಬಟ್ಟೆ ಅಲ್ಲೇ ಒಗೆಯುತ್ತಿದ್ದರು, ನಾವು ಹುಡುಗರು ಅಲ್ಲೇ ಮೀನು ಹಿಡಿದು, ಬಾಯಾರಿದರೆ ಬೊಗಸೆಯಲ್ಲಿ ಅದನ್ನೇ ಕುಡಿಯುತ್ತಿದ್ದೆವು. ಬಾವಿಯ ನೀರು ಅಡಿ ಸೇರಿದ ಮೇಲೆ ಮನೆಯ ಕೊಡಗಳೂ ಆ ಮಡುವಿನ ಪಕ್ಕ ತೋಡಿದ ಗುಂಡಿಯಿಂದಲೇ ತುಂಬುತ್ತಿದ್ದವು. ಯಾರಿಗೂ ಅದು ವಿಚಿತ್ರವೆನಿಸಿರಲಿಲ್ಲ. ಮೊದಲು ನನಗೆ ತಲೆನೋವು ಬಂತು. ಆಮೇಲೆ ಹೊಟ್ಟೆಯಲ್ಲಿ ಕಲ್ಲು ಕೂತಂತಾಯಿತು. ಸಂಜೆಯಾದರೆ ಜ್ವರ ಏರುವುದು, ಬೆಳಗಿನ ಹೊತ್ತಿಗೆ ಸ್ವಲ್ಪ ಇಳಿದಂತೆ ಕಾಣುವುದು, ಸಂಜೆ ಹಿಂದಿನ ದಿನಕ್ಕಿಂತ ಒಂದು ಮೆಟ್ಟಿಲು ಮೇಲೆ ಹೋಗುವುದು. ನಾಲಿಗೆ ಸುಣ್ಣ ಬಳಿದಂತೆ ಬೆಳ್ಳಗಾಗಿ ಅಂಚು ಮಾತ್ರ ಕೆಂಪಾಗಿತ್ತು. ಅಜ್ಜಿ ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಬೆರಳಿನಿಂದ ತಟ್ಟಿ ನೋಡಿ, ಕೈ ತೆಗೆದಳು. ಆಗ ಅವಳ ಮುಖದಲ್ಲಿ ಬಂದು ಹೋದದ್ದು ಏನೆಂದು ನನಗೆ ತಿಳಿಯಲಿಲ್ಲ.

"ಜ್ವರ ಮೈಯಾಗಿಲ್ಲ. ಒಟ್ಟೇಲಿ ಕುಂತದೆ. ಇನ್ಮ್ಯಾಕೆ ಇವ್ಳಿಗೆ ಅನ್ನ ಇಲ್ಲ, ಇಟ್ಟಿಲ್ಲ. ಯಾರೂ ಏನೂ ಕೊಡಂಗಿಲ್ಲ."

ಮೊದಲು ಹರಳೆಣ್ಣೆ ಕುಡಿಸಿದರು. ಅದು ನನ್ನನ್ನು ಹಿಂಡಿ ಹಾಕಿತು. ಹಿತ್ತಿಲಿಗೆ ನಡೆದು ಹೋಗಲೂ ತ್ರಾಣ ಉಳಿಯಲಿಲ್ಲ. ಆಮೇಲೆ ಹೊಟ್ಟೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿದ ವೀಳ್ಯದೆಲೆ ಅಂಟಿಸಿದರು. ಬಜೆ ತೇಯ್ದು ನಾಲಿಗೆಗೆ ನೆಕ್ಕಿಸಿದರು. ಶುಂಠಿ, ಜೀರಿಗೆ, ಮೆಣಸು ಹಾಕಿ ಕುದಿಸಿದ ಕಷಾಯ ಹೊತ್ತು ಹೊತ್ತಿಗೆ ಬರುತ್ತಿತ್ತು. ಅನ್ನದ ಲೆಕ್ಕಕ್ಕೆ ಇದ್ದದ್ದು ಅರಳು ನೆನೆಸಿ ಸೋಸಿದ ನೀರು ಒಂದೇ, ಅದೂ ಉಪ್ಪಿಲ್ಲದ್ದು, ಒಂದು ಸಣ್ಣ ಲೋಟ. ಅದನ್ನು ಅಜ್ಜಿಯೇ ತರುತ್ತಿದ್ದಳು, ಅಜ್ಜಿಯೇ ಕುಡಿಸುತ್ತಿದ್ದಳು, ತಳದಲ್ಲಿ ಅರಳು ಉಳಿದಿದ್ದರೆ ಬೆರಳಿನಿಂದ ಬಳಿದು ಹೊರಗೆ ಒಗೆಯುತ್ತಿದ್ದಳು. ಹೋಗುವಾಗ ಚಿಲಕ ಹಾಕುವ ಸದ್ದು. ಆ ಸದ್ದು ನನಗೆ ಕಷಾಯಕ್ಕಿಂತ ಕಹಿಯಾಗಿತ್ತು.

ನನ್ನ ಜ್ವರ ಯಾಕೆ ಬಂತು ಎಂಬ ಚರ್ಚೆ ನಡುಮನೆಯಲ್ಲಿ ದಿನವೂ ನಡೆಯುತ್ತಿತ್ತು. ಬಾಗಿಲ ಸಂದಿಯಿಂದ ನನಗೆ ಎಲ್ಲವೂ ಕೇಳಿಸುತ್ತಿತ್ತು. ಪಕ್ಕದ ಮನೆಯ ಕಾಳಮ್ಮ ದೃಷ್ಟಿ ಎನ್ನುವವಳು. ನಾನು ಹಿಂದಿನ ವಾರ ಹೊಸ ಲಂಗ ಉಟ್ಟು ಬೀದಿಯಲ್ಲಿ ನಡೆದಿದ್ದೆನಂತೆ. ಅಜ್ಜಿಗೆ ಮಾವಿನಕಾಯಿಯ ಮೇಲೆ ಅನುಮಾನ. ಅಪ್ಪ ಒಮ್ಮೆ ಮೆಲ್ಲಗೆ, ನಾಲೆ ಹತ್ತಿರದ ಇನ್ನೆರಡು ಮನೆಗಳಲ್ಲೂ ಇದೇ ಥರ ಜ್ವರ ಎದ್ದಿದೆಯಂತೆ ಎಂದ.

"ನಾಲೆ ಅತ್ರ ಅಂದ್ಮ್ಯಾಲೆ ಇನ್ನೇನು? ಮಟಮಟ ಮಧ್ಯಾಹ್ನ ಸೇತುವೆ ಕೆಳೀಕೆ ಓಗ್ಬ್ಯಾಡಿ ಅಂತ ಬಡ್ಕಂಡೆ. ಗಾಳಿ ಸೋಕದೆ" ಎಂದಳು ಕಾಳಮ್ಮ.

"ಗಾಳಿಯೂ ಇಲ್ಲ ಗೀಳಿಯೂ ಇಲ್ಲ ಬುಡು ಕಾಳಮ್ಮ. ಕಾಯಿ ತಿಂದವಳೆ, ಒಟ್ಟೆ ಒಳ್ಗೆ ಕೊಳೀತಾ ಅದೆ. ಅದು ಕರಗಗಂಟ ಉಪಾಸ ಇರ್ಬೇಕು" ಎಂದಳು ಅಜ್ಜಿ.

ಅವ್ವನ ದನಿ ಮಾತ್ರ ಆ ಚರ್ಚೆಯಲ್ಲಿ ಕೇಳಿಸುತ್ತಿರಲಿಲ್ಲ. ಆದರೂ ಕಾಳಮ್ಮ ಹೇಳಿದಂತೆ ಮೆಣಸಿನಕಾಯಿ, ಉಪ್ಪು ಇಳಿ ತೆಗೆದು ಒಲೆಗೆ ಹಾಕಿದವಳು ಅವ್ವ. ತೋಪಿನ ಮಾರಮ್ಮನ ಗುಡಿಯಿಂದ ದಾರ ತಂದು ನನ್ನ ಕೈಗೆ ಕಟ್ಟಿದವಳೂ ಅವಳೇ. ಕಟ್ಟುವಾಗ ಮುಂಗೈ ಸಣ್ಣಗಾಗಿರುವುದನ್ನು ನೋಡಿ ಗಂಟನ್ನು ಮತ್ತೆ ಬಿಚ್ಚಿ ಬಿಗಿದಳು.

ಹಸಿವಿನ ಬಗ್ಗೆ ಹೇಳಬೇಕು. ಜ್ವರದಲ್ಲಿ ಬಾಯಿ ಕಹಿಯಾಗುತ್ತದೆ, ಏನೂ ಬೇಡವೆನಿಸುತ್ತದೆ ಎನ್ನುತ್ತಾರೆ. ಸಂಜೆ ಹಾಗೆಯೇ ಇರುತ್ತಿತ್ತು. ಆದರೆ ಬೆಳಿಗ್ಗೆ ಜ್ವರ ಸ್ವಲ್ಪ ತಗ್ಗಿದಾಗ ಹಸಿವು ಒಳಗಿನಿಂದ ಪರಚುತ್ತಿತ್ತು. ನನ್ನ ತಲೆಯ ಕಡೆಯ ಗೋಡೆಯ ಆಚೆಗೇ ಒಲೆ. ಹಿಟ್ಟಿನ ಕೋಲು ಪಾತ್ರೆಯಲ್ಲಿ ತಿರುಗುವ ಗುಡುಗುಡು ಗೋಡೆಯ ಮೂಲಕ ನನ್ನ ಕಿವಿಗೆ ಬರುತ್ತಿತ್ತು. ಆಮೇಲೆ ಮುದ್ದೆ ಕಟ್ಟುವಾಗ ಒದ್ದೆ ಕೈ ಹಲಗೆಯ ಮೇಲೆ ತಟ್ಟುವ ಸದ್ದು. ಹುರುಳಿಕಟ್ಟಿನ ಸಾರಿಗೆ ಒಗ್ಗರಣೆ ಬಿದ್ದಾಗ ಆ ವಾಸನೆ ಬಾಗಿಲ ಕೆಳಗಿನಿಂದ ನುಸುಳಿ ಬಂದು ನನ್ನ ಚಾಪೆಯ ಪಕ್ಕದಲ್ಲೇ ಕೂರುತ್ತಿತ್ತು. ನನ್ನ ಸುತ್ತ ಒಂದು ವರ್ಷಕ್ಕಾಗುವಷ್ಟು ರಾಗಿ ಇತ್ತು. ವಾಡೆಯ ಬುಡದಲ್ಲಿ ಚೆಲ್ಲಿದ್ದ ಕಾಳುಗಳನ್ನು ಆರಿಸಿ ಬಾಯಿಗೆ ಹಾಕಿಕೊಳ್ಳಲು ನೋಡಿದೆ. ಅಗಿಯಲು ಶಕ್ತಿಯಿಲ್ಲದೆ ಉಗಿದೆ. ಒಂದು ಬೆಳಿಗ್ಗೆ ತೆವಳಿಕೊಂಡು ಬಾಗಿಲವರೆಗೆ ಹೋಗಿ, ಸಂದಿಗೆ ಬಾಯಿಟ್ಟು ಕೂಗಿದೆ.

"ಅವ್ವಾ, ಅಸಿವು ಕಣವ್ವ. ಒಂದ್ ತುತ್ತು ಕೊಡವ್ವ."

ಆಚೆ ಎಲ್ಲ ಸದ್ದೂ ನಿಂತಿತು. ಯಾರೋ ಬಾಗಿಲ ಹತ್ತಿರ ಬಂದರು. ಬಳೆಯ ಸದ್ದಿನಿಂದ ಅವ್ವ ಎಂದು ಗೊತ್ತಾಯಿತು. ಅವಳು ಬಾಗಿಲಿಗೆ ಕೈ ಇಟ್ಟಳು, ಆದರೆ ಚಿಲಕ ತೆಗೆಯಲಿಲ್ಲ. ಅಷ್ಟರಲ್ಲಿ ಅಜ್ಜಿಯ ಹೆಜ್ಜೆ ಕೇಳಿಸಿತು, ಬಳೆಯ ಸದ್ದು ದೂರವಾಯಿತು. ನಾನು ಬಾಗಿಲಿಗೆ ಒರಗಿ ಅಲ್ಲೇ ಮಲಗಿಬಿಟ್ಟೆ. ಬೀಗವಿಲ್ಲದ ಬಾಗಿಲನ್ನು ತೆಗೆಯಲು ಈಚೆಯವಳಿಗೂ ಆಗುತ್ತಿಲ್ಲ, ಆಚೆಯವಳಿಗೂ ಆಗುತ್ತಿಲ್ಲ ಎಂದು ಆವತ್ತು ನನಗೆ ಅರ್ಥವಾಯಿತು.

ಮಾರನೆಯ ದಿನವೋ ಅದರ ಮಾರನೆಯ ದಿನವೋ, ಅಜ್ಜಿ ಗದ್ದೆಯ ಕಡೆ ಹೋಗಿದ್ದಾಗ ಅವ್ವ ಬಂದಳು. ಸೆರಗಿನೊಳಗೆ ಸಣ್ಣ ಬಟ್ಟಲು. ಅಕ್ಕಿಯನ್ನು ಕರಗುವಂತೆ ಬೇಯಿಸಿ ಕಿವುಚಿದ ಗಂಜಿ, ಚೂರು ಉಪ್ಪು. ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ನೆಕ್ಕಿಸತೊಡಗಿದಳು. ಉಪ್ಪು ನಾಲಿಗೆಗೆ ತಾಗಿದಾಗ ಕಣ್ಣಲ್ಲಿ ನೀರು ಬಂತು. ನಾಲ್ಕಾರು ಬೆರಳು ನೆಕ್ಕಿರಬಹುದು, ಬಾಗಿಲಲ್ಲಿ ಕತ್ತಲಾಯಿತು. ಅಜ್ಜಿ ತಲೆ ತಗ್ಗಿಸಿ ಒಳಗೆ ಬಂದಳು. ಅವಳು ಕೂಗಾಡುತ್ತಾಳೆಂದು ನಾನು ಕಣ್ಣು ಮುಚ್ಚಿದೆ. ಅವಳು ಕೂಗಲಿಲ್ಲ. ಬಟ್ಟಲನ್ನು ಅವ್ವನ ಕೈಯಿಂದ ಕಿತ್ತುಕೊಂಡು ನೆಲಕ್ಕೆ ಕುಸಿದು ಕೂತಳು.

"ಏನ್ ಮಾಡ್ದೆ ನಿಂಗಮ್ಮ? ಏನ್ ಮಾಡ್ಬುಟ್ಟೆ?"

"ಮೊಗ ಅಸ್ಕಂಡು ಸಾಯ್ತಾ ಅದೆ ಅತ್ತೆ. ಕೈಕಾಲು ನೋಡಿ, ಕಡ್ಡಿ ಆಗವೆ."

"ಅಸಿವಿಂದ ಯಾರೂ ಸಾಯಕಿಲ್ಲ. ಉಂಡು ಸಾಯ್ತಾರೆ. ನಾನ್ ಕಂಡಿವ್ನಿ. ನನ್ ಚೆಲುವ ಉಂಡು ಸತ್ತ."

ಚೆಲುವ ಎಂಬ ಹೆಸರನ್ನು ನಮ್ಮ ಮನೆಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅಪ್ಪನ ಅಣ್ಣ. ಅವನಿಗೂ ನನ್ನಷ್ಟೇ ವಯಸ್ಸಂತೆ. ಇದೇ ಕೋಣೆ, ಇದೇ ಥರದ ಜ್ವರ. ಹೊಟ್ಟೆ ಹಿಡಿದುಕೊಂಡು ನರಳುತ್ತಿದ್ದವನು ಒಂದು ದಿನ ಕಣ್ಣು ಬಿಟ್ಟು, ಅವ್ವ ಹಸಿವು ಎಂದನಂತೆ. ಮೈ ತಣ್ಣಗಿತ್ತು, ಜ್ವರ ಬಿಟ್ಟಿತೆಂದು ಅಜ್ಜಿ ಹಿಗ್ಗಿದ್ದಳು. ತನ್ನ ಅತ್ತೆಗೆ ಗೊತ್ತಾಗದಂತೆ ಮೊಸರನ್ನ ಕಲಸಿ ತಂದು, ತುತ್ತು ಮಾಡಿ ತಿನ್ನಿಸಿದಳು. ಸಂಜೆಗೆ ಹುಡುಗನ ಹೊಟ್ಟೆ ತಮಟೆಯ ಹಾಗೆ ಬಿಗಿದುಕೊಂಡಿತು. ಮುಟ್ಟಿದರೆ ಚೀರುತ್ತಿದ್ದ. ಮಾರನೆಯ ದಿನ ಇರಲಿಲ್ಲ.

"ಈ ಕೈಯಾಗೆ ತಿನ್ನಿಸ್ದೆ ಕಣ. ಇದೇ ಕೈ. ಇನ್ನೊಂದ್ ತುತ್ತು, ಇನ್ನೊಂದ್ ತುತ್ತು ಅಂತ ನಾನೇ ಗಿಡಿದೆ."

ಅಜ್ಜಿ ತನ್ನ ಬಲಗೈಯನ್ನು ಮುಂದೆ ಚಾಚಿ, ಅದು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು. ಆವತ್ತಿನಿಂದ ಅಜ್ಜಿ ಗದ್ದೆಗೆ ಹೋಗುವುದನ್ನೇ ಬಿಟ್ಟಳು. ನನ್ನ ಬಾಗಿಲನ್ನು ತೆರೆದಿಟ್ಟು, ಅದಕ್ಕೆ ಅಡ್ಡಲಾಗಿ ಕಂಬಳಿ ಹಾಸಿಕೊಂಡು ಅಲ್ಲೇ ಕೂತಳು, ಅಲ್ಲೇ ಮಲಗಿದಳು. ನನ್ನ ಬಳಿ ಬರಬೇಕಾದರೆ ಅವಳನ್ನು ದಾಟಬೇಕು, ಹಿರಿಯರನ್ನು ದಾಟುವುದುಂಟೆ? ಅವ್ವ ನಡುಮನೆಯ ಕಂಬಕ್ಕೆ ಒರಗಿ ನಿಂತು ಅಜ್ಜಿಯ ತಲೆಯ ಮೇಲಿಂದ ನನ್ನನ್ನು ನೋಡುತ್ತಿದ್ದಳು. ಅವಳು ಹಾಗೆ ನಿಂತಿರುವುದು ಕಾಣುವವರೆಗೆ ನಾನು ಕಣ್ಣು ಮುಚ್ಚುತ್ತಿರಲಿಲ್ಲ.

ಆಮೇಲಿನದು ನನಗೆ ತುಂಡು ತುಂಡಾಗಿ ನೆನಪಿದೆ. ಜ್ವರ ಬೆಳಿಗ್ಗೆಯೂ ಇಳಿಯುವುದನ್ನು ಬಿಟ್ಟಿತು. ವಾಡೆಗಳು ಮುಸುಕು ಹಾಕಿಕೊಂಡು ಕೂತ ಹೆಂಗಸರಂತೆ ಕಾಣುತ್ತಿದ್ದವು. ನಾನು ಅವರ ಜೊತೆ ಮಾತಾಡುತ್ತಿದ್ದೆನಂತೆ, ಕಂಬಳಿಯ ಕೂದಲನ್ನು ಒಂದೊಂದೇ ಕೀಳುತ್ತಿದ್ದೆನಂತೆ. ಹೊಟ್ಟೆ ಉಬ್ಬಿ, ಬೆರಳು ತಾಗಿದರೆ ನೋಯುತ್ತಿತ್ತು. ಅಜ್ಜಿ ದಿನಕ್ಕೆ ಎಷ್ಟೋ ಸಲ ಅದನ್ನು ತಟ್ಟಿ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಅವಳು ಎದ್ದು ಹೋಗಿ ಮೇಲಿನ ಬೀದಿಯ ಸಿದ್ದಣ್ಣನನ್ನು ಕರೆದುಕೊಂಡು ಬಂದಳು. ಸಿದ್ದಣ್ಣ ಬರೆ ಹಾಕುವವನು. ಮಕ್ಕಳಿಗೆ ಬಾಲಗ್ರಹ, ದೊಡ್ಡವರಿಗೆ ಹೊಟ್ಟೆನೋವು ಎಂದರೆ ಸುತ್ತಿನ ಊರವರು ಅವನನ್ನೇ ಕರೆಸುತ್ತಿದ್ದರು. ಮೆತ್ತಗಿನ ಮಾತಿನ ಮುದುಕ. ನನ್ನ ಪಕ್ಕದಲ್ಲಿ ಕೂತು, ಹೆದರಬೇಡ ಮಗ, ಇರುವೆ ಕಚ್ಚಿದ ಹಾಗೆ ಅಷ್ಟೇ ಎಂದ. ಒಲೆಯಲ್ಲಿ ಕಬ್ಬಿಣದ ಸರಳು ಕಾಯುತ್ತಿತ್ತು. ಕಾಳಮ್ಮ ನನ್ನ ಕಾಲು ಹಿಡಿಯಲು ಬಂದಳು. ಯಾರೋ ನನ್ನ ಅಂಗಿ ಮೇಲಕ್ಕೆತ್ತಿದರು. ಓಡಬೇಕೆಂದು ಮನಸ್ಸು ಹೇಳಿತು, ಮೈ ಕೇಳಲಿಲ್ಲ. ಚೀರಬೇಕೆಂದರೂ ಗಂಟಲಿನಿಂದ ಉಸಿರು ಮಾತ್ರ ಬಂತು.

ಅವ್ವ ಒಳಗೆ ಬಂದಳು. ಬಾಗಿಲಲ್ಲಿ ಮತ್ತೆ ಬಂದು ಕೂತಿದ್ದ ಅಜ್ಜಿಯನ್ನೂ ಕಂಬಳಿಯನ್ನೂ ದಾಟಿಯೇ ಬಂದಳು. ನನ್ನ ಹೊಟ್ಟೆಯ ಮೇಲೆ ತನ್ನ ಎರಡೂ ಅಂಗೈಯನ್ನು ಅಗಲವಾಗಿ ಹರಡಿ ಇಟ್ಟಳು. ಅವು ಒಲೆಯ ಮುಂದಿನ ಕೈಗಳು, ಒರಟು, ಆದರೆ ಆ ಉರಿಯಲ್ಲಿ ನನಗೆ ತಂಪೆನಿಸಿದವು.

"ಮೊದ್ಲು ನನ್ ಕೈ ಮ್ಯಾಲೆ ಆಕು ಸಿದ್ದಣ್ಣ. ಆಮ್ಯಾಕೆ ಅವ್ಳಿಗೆ."

"ಅಂಗಂದ್ರೆ ಎಂಗವ್ವ? ಕೈ ತಗಿ."

"ತಗಿಯಕಿಲ್ಲ."

"ನಿಂಗಮ್ಮ, ತಗಿ ಕೈಯ" ಎಂದಳು ಅಜ್ಜಿ.

ಅವ್ವ ತಿರುಗಿ ನೋಡಿದಳು. ಹನ್ನೆರಡು ವರ್ಷ ತಲೆ ಎತ್ತದ ಸೊಸೆ ಅತ್ತೆಯ ಕಣ್ಣಿಗೆ ಕಣ್ಣಿಟ್ಟು ಮಾತಾಡಿದಳು.

"ನಿಮ್ ಮಗ ಈ ಕ್ವಾಣೇಲಿ ಓದ. ನಂಗೆ ಅರ್ಥ ಆಯ್ತದೆ ಅತ್ತೆ, ನಿಮ್ಗೆ ಎದ್ರಿಕೆ. ನಂಗೂ ಎದ್ರಿಕೆ. ಆದ್ರೆ ನನ್ ಮಗ್ಳನ್ನ ಇಲ್ಲಿ ಸಾಯಕ್ಕೆ ಬುಡಾಕಿಲ್ಲ ನಾನು. ನಗರದ ಆಸ್ಪತ್ರೆಗೆ ಕರ್ಕಂಡು ಓಯ್ತೀನಿ. ಗಾಡಿ ಕಟ್ಟದಿದ್ರೆ ಎತ್ಕಂಡು ಓಯ್ತೀನಿ."

ಸಿದ್ದಣ್ಣ ಸರಳನ್ನು ಮೆಲ್ಲಗೆ ನೆಲಕ್ಕಿಟ್ಟ. ಆಗ ಹೊರಗಿನಿಂದ ನೊಗದ ಸದ್ದು ಬಂತು. ಅಪ್ಪ ಯಾರನ್ನೂ ಕೇಳದೆ, ಯಾರಿಗೂ ಹೇಳದೆ ಎತ್ತು ಹೂಡುತ್ತಿದ್ದ. ಅವ್ವ ನನ್ನನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡಳು. ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಇಬ್ಬರೂ ಎದುರುಬದುರು ನಿಂತರು. ಅಜ್ಜಿ ಪಕ್ಕಕ್ಕೆ ಸರಿದಳು. ಗಾಡಿಯಲ್ಲಿ ಹುಲ್ಲು ಹಾಸಿ ನನ್ನನ್ನು ಮಲಗಿಸಿದ ಮೇಲೆ ನೋಡಿದರೆ ಅಜ್ಜಿಯೂ ಒಂದು ಸೀರೆಯ ಗಂಟು ಹಿಡಿದು ಹಿಂದಿನಿಂದ ಹತ್ತುತ್ತಿದ್ದಳು. ಯಾರೂ ಬಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಎಷ್ಟೋ ದಿನಗಳ ಮೇಲೆ ಕಂಡ ಬಯಲಿನ ಬೆಳಕು ಕಣ್ಣು ಚುಚ್ಚಿತು. ಅವ್ವ ಸೆರಗನ್ನು ನನ್ನ ಮುಖದ ಮೇಲೆ ಹಿಡಿದಳು. ಗಾಡಿ ಹಳ್ಳಕ್ಕೆ ಇಳಿದಾಗಲೆಲ್ಲ ನನ್ನ ಹೊಟ್ಟೆ ಕುಲುಕದಂತೆ ಇಬ್ಬರೂ ಎರಡು ಕಡೆಯಿಂದ ಕೈ ಕೊಟ್ಟಿರುತ್ತಿದ್ದರು.

ಕೆ.ಆರ್. ನಗರದ ಆಸ್ಪತ್ರೆಯಲ್ಲಿದ್ದದ್ದು ಒಬ್ಬ ಡಾಕ್ಟರಮ್ಮ. ಬಿಳಿ ಸೀರೆ, ಎತ್ತಿ ಕಟ್ಟಿದ ತುರುಬು, ನಗದ ಮುಖ. ನಾಲಿಗೆ ನೋಡಿದರು, ಕಣ್ಣರೆಪ್ಪೆ ಎಳೆದು ನೋಡಿದರು, ಹೊಟ್ಟೆಯನ್ನು ಎಷ್ಟು ಹಗುರವಾಗಿ ಒತ್ತಿದರೆಂದರೆ ನನಗೆ ನೋಯಲೇ ಇಲ್ಲ. ಎಷ್ಟು ದಿನವಾಯಿತು, ಏನು ಕೊಟ್ಟಿರಿ, ಯಾವ ನೀರು ಕುಡಿಯುತ್ತೀರಿ ಎಂದು ಕೇಳಿದರು. ಹರಳೆಣ್ಣೆ ಎಂದಾಗ ಹುಬ್ಬು ಗಂಟಿಕ್ಕಿದರು. ಮಡುವಿನ ಪಕ್ಕದ ಗುಂಡಿ ಎಂದಾಗ ಬರೆಯುತ್ತಿದ್ದ ಕೈ ನಿಲ್ಲಿಸಿದರು.

"ಇದು ಟೈಫಾಯಿಡ್. ವಿಷಮಶೀತ ಜ್ವರ ಅಂತಾರಲ್ಲ, ಅದೇ. ಗಾಳಿಯಿಂದ ಬರೋದಲ್ಲ, ಮಾವಿನಕಾಯಿಂದಲೂ ಅಲ್ಲ. ಹೊಲಸು ಸೇರಿದ ನೀರಿಂದ ಬರುತ್ತೆ. ಜ್ವರ ಏರಿದ್ದಕ್ಕೂ ಹೊಟ್ಟೆ ನೋವಿಗೂ ಕಾರಣ ಒಂದೇ. ಹೊತ್ತುಹೊತ್ತಿಗೆ ತಪ್ಪದೆ ಮಾತ್ರೆ ಕೊಡಬೇಕು. ಇಲ್ಲೇ ಇರಲಿ. ತೆಳ್ಳಗೆ ಗಂಜಿ ಮಾಡಿ, ಸ್ವಲ್ಪ ಸ್ವಲ್ಪ, ಎರಡು ಮೂರು ಗಂಟೆಗೊಂದು ಸಲ ಕುಡಿಸ್ತಾ ಇರಿ."

ಅಜ್ಜಿ ಗೋಡೆಗೆ ಒತ್ತಿಕೊಂಡು ನಿಂತಿದ್ದವಳು ಮುಂದೆ ಬಂದಳು.

"ತಾಯಿ, ಗಂಜಿ ಕೊಟ್ರೆ ಒಟ್ಟೆ ಒಡ್ದೋಗಕಿಲ್ವ?"

"ಯಾಕಜ್ಜಿ ಹಾಗೆ ಕೇಳ್ತೀರಿ?"

ಅಜ್ಜಿ ಚೆಲುವನ ಮಾತು ಹೇಳಿದಳು. ಅರ್ಧಕ್ಕೇ ನಿಲ್ಲಿಸಿದಳು. ಉಳಿದದ್ದನ್ನು ಅವ್ವ ಹೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಎಲ್ಲವನ್ನೂ ಕೇಳಿಸಿಕೊಂಡರು.

"ನೀವು ಹೆದರಿದ್ದು ಸುಳ್ಳಲ್ಲ ಅಜ್ಜಿ. ಈ ಜ್ವರದಲ್ಲಿ ಕರುಳಿನ ಒಳಗೆ ಹುಣ್ಣಾಗುತ್ತೆ. ಕೆಲವರಿಗೆ ಅದು ತೂತು ಬೀಳುತ್ತೆ. ಆಗ ಜ್ವರ ಒಮ್ಮೆಲೇ ಇಳಿದ ಹಾಗೆ ಕಾಣುತ್ತೆ, ಮೈ ತಣ್ಣಗಾಗುತ್ತೆ, ಆಮೇಲೆ ಹೊಟ್ಟೆ ಬಿಗಿಯುತ್ತೆ. ಅದಕ್ಕೇ ಗಟ್ಟಿ ಊಟ, ಖಾರ ಬೇಡ ಅನ್ನೋದು. ಆದರೆ ಉಪವಾಸ ಕೆಡವಿದರೆ ಮಗು ತಡೆಯೋದು ಹೇಗೆ?"

"ಅಂಗಾರೆ ನನ್ ಮಗ ಮೊಸರನ್ನದಿಂದ ಸಾಯ್ನಿಲ್ವ?"

ಡಾಕ್ಟರಮ್ಮ ಅಜ್ಜಿಯ ಹತ್ತಿರ ಬಂದು ನಿಂತರು.

"ಇಷ್ಟು ವರ್ಷದ ಮೇಲೆ ಖಂಡಿತ ಅಂತ ಹೇಳೋಕೆ ನನಗಾಗಲ್ಲ. ಉಂಡರೂ ಅದು ಆಗುತ್ತೆ, ಉಣದಿದ್ದರೂ ಆಗುತ್ತೆ. ಮೈ ತಣ್ಣಗಿತ್ತು ಅಂದಿರಲ್ಲ, ನೀವು ತಿನ್ನಿಸೋಕೆ ಮೊದಲೇ ಅದು ಆಗಿದ್ದಿರಬಹುದು."

ಅಜ್ಜಿ 'ಇರಬಹುದು' ಎಂಬ ಆ ಮಾತನ್ನು ಎತ್ತಿಕೊಳ್ಳಲೂ ಆರದೆ, ಬಿಡಲೂ ಆರದೆ ನಿಂತಳು. ಆಮೇಲೆ ಹೊರಗೆ ಹೋಗಿ ಜಗಲಿಯ ಮೇಲೆ ಕೂತಳು. ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಹಾಗೆಯೇ. ಅವ್ವ ಗಂಜಿಯ ಬಟ್ಟಲು ಕೈಗೆತ್ತಿಕೊಂಡ ಕೂಡಲೇ ಅಜ್ಜಿ ಎದ್ದು ಹೊರಗೆ ಹೋಗುತ್ತಿದ್ದಳು. ನಾನು ಕುಡಿದು ಮುಗಿಸಿದ ಮೇಲೆ ಬಂದು, ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಬಿಗಿದಿದೆಯೋ ಸಡಿಲವಿದೆಯೋ ನೋಡುತ್ತಿದ್ದಳು. ಸಡಿಲವಿದ್ದರೂ ಅವಳ ಮುಖ ಸಡಿಲವಾಗುತ್ತಿರಲಿಲ್ಲ. ಮುಂದಿನ ಗಂಜಿ ಇನ್ನೂ ಇತ್ತಲ್ಲ. ನಾನು ಕಬ್ಬಿಣದ ಮಂಚದ ಮೇಲೆ ತೆರೆದ ಕಿಟಕಿಯ ಪಕ್ಕದಲ್ಲಿದ್ದೆ. ರಾಗಿ ಕೋಣೆಯಿಂದ ನನ್ನನ್ನು ಎತ್ತಿಕೊಂಡು ಬಂದಿದ್ದರು. ಅಜ್ಜಿಯನ್ನು ಅಲ್ಲಿಂದ ಎತ್ತಿ ತರುವವರು ಯಾರೂ ಇರಲಿಲ್ಲ.

ಮಾತ್ರೆ ಶುರುವಾದ ನಾಲ್ಕೈದು ದಿನಕ್ಕೆ ಸಂಜೆಯ ಜ್ವರ ಮೆಟ್ಟಿಲಿಳಿಯತೊಡಗಿತು. ಒಂದು ಬೆಳಿಗ್ಗೆ ಬೆವರಿನಲ್ಲಿ ಮಿಂದು ಎದ್ದೆ, ತಲೆ ಹಗುರವಾಗಿತ್ತು. ಅವ್ವ ನನ್ನ ಬಟ್ಟೆ ಒಗೆಯಲು ಹಿಂದಿನ ನಲ್ಲಿಗೆ ಹೋಗಿದ್ದಳು. ಆಗಲೇ ನರ್ಸಮ್ಮ ಬಂದು ಮುಟ್ಟಿ ನೋಡಿ, ಮೈ ತಣ್ಣಗಿದೆ, ಜ್ವರ ಇಲ್ಲ, ಗಂಜಿ ಕುಡಿಸಿ ಅಜ್ಜಿ ಎಂದು ಬಟ್ಟಲು ಕೊಟ್ಟು ಹೋದರು. ಮೈ ತಣ್ಣಗಿದೆ ಎಂದು ಕೇಳಿದ್ದೇ ತಡ, ಅಜ್ಜಿಯ ಮುಖ ಬೂದಿಯಾಯಿತು. ಬಟ್ಟಲನ್ನು ಮಂಚದ ಅಂಚಿಗಿಟ್ಟು ದೂರ ಸರಿದು ನಿಂತಳು.

"ನಿಮ್ಮವ್ವ ಬತ್ತಾಳೆ, ತಡಿ ಮಗ."

"ಅಜ್ಜಿ, ಅಸಿವು."

"ನನ್ ಕೈಯಾಗೆ ಬ್ಯಾಡ ಮಗ. ನನ್ ಕೈಯಾಗೆ ಬ್ಯಾಡ."

ನನಗೆ ಅಳು ಬಂತು. ಜ್ವರ ಬಿಟ್ಟವರ ಹಸಿವು ಅದು, ಮರ್ಯಾದೆ ಗೊತ್ತಿಲ್ಲದ್ದು. ಬಟ್ಟಲಿಗೆ ಕೈ ಚಾಚಿದೆ, ಎತ್ತಲಾರದೆ ಸ್ವಲ್ಪ ಚೆಲ್ಲಿದೆ. ಅಜ್ಜಿ ಓಡಿ ಬಂದು ಬಟ್ಟಲು ಹಿಡಿದಳು. ಹಿಡಿದವಳು ಹಾಗೇ ನಿಂತಳು. ಆಮೇಲೆ ಚಮಚ ತುಂಬಿದಳು. ಅರ್ಧ ನನ್ನ ಗದ್ದದ ಮೇಲೆ ಬಿತ್ತು. ಎರಡನೆಯದು ಬಾಯಿಗೆ ಬಂತು. ಪ್ರತಿ ಚಮಚಕ್ಕೂ ನಿಲ್ಲಿಸಿ ಎಡಗೈಯಿಂದ ನನ್ನ ಹೊಟ್ಟೆ ಮುಟ್ಟಿ ನೋಡುತ್ತಿದ್ದಳು. ಬಟ್ಟಲು ಖಾಲಿಯಾಗುವಾಗ ಅವಳ ಹಣೆಯಿಂದ ನೀರಿಳಿಯುತ್ತಿತ್ತು.

ಅವ್ವ ಒದ್ದೆ ಬಟ್ಟೆಯ ರಾಶಿ ಹೊತ್ತು ಬಂದಾಗ ಅಜ್ಜಿ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಕೈ ನನ್ನ ಹೊಟ್ಟೆಯ ಮೇಲೇ ಇತ್ತು. ಅವ್ವ ಖಾಲಿ ಬಟ್ಟಲನ್ನು ನೋಡಿದಳು, ಬಟ್ಟೆಯನ್ನು ಕೆಳಗಿಟ್ಟು ಅವಳ ಪಕ್ಕದಲ್ಲೇ ಕೂತಳು. ಬಿಸಿಲೇರುವವರೆಗೆ ಇಬ್ಬರೂ ಹಾಗೆಯೇ ಕಾದರು. ನನ್ನ ಹೊಟ್ಟೆ ಬಿಗಿಯಲಿಲ್ಲ. ನಾನು ನಿದ್ದೆ ಹೋದೆನೆಂದುಕೊಂಡು ಅಜ್ಜಿ ಮೆಲ್ಲಗೆ ಕೇಳಿದಳು.

"ನಿಂಗಮ್ಮ, ಈ ಮಾತ್ರೆ ಆವಾಗ ಇದ್ದಿದ್ರೆ ಚೆಲುವ ಉಳೀತಿದ್ನ?"

"ಆವಾಗ ಇರ್ನಿಲ್ಲ ಕಣತ್ತೆ. ಮೊಗ ಅಸಿವು ಅಂತು, ನೀವು ಉಣ್ಣಿಸಿದ್ರಿ. ಯಾವ ತಾಯಾದ್ರೂ ಅದ್ನೇ ಮಾಡಾಳು. ನಿಮ್ದೇನೂ ತೆಪ್ಪಿಲ್ಲ."

ಅಜ್ಜಿ ನನ್ನ ಹೊಟ್ಟೆಯ ಮೇಲಿನ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಅಂದಳು:

"ಇನ್ನೊಂದ್ ಸಲ ಯೋಳು."

ಅವ್ವ ಇನ್ನೊಂದು ಸಲ ಹೇಳಿದಳು.

ನಾವು ಊರಿಗೆ ಮರಳಿದೆವು. ನನ್ನ ಕೂದಲೆಲ್ಲ ಉದುರಿ ಮತ್ತೆ ಹುಟ್ಟಿತು. ಅವ್ವ ಹಠ ಹಿಡಿದು ಕುಡಿಯುವ ನೀರನ್ನು ಕುದಿಸತೊಡಗಿದಳು, ಸೌದೆ ದಂಡ ಎಂದು ಅಜ್ಜಿ ಗೊಣಗಿದಳು, ಅವರ ಜಗಳಗಳು ಮೊದಲಿನಂತೆಯೇ ನಡೆದವು. ಅವ್ವ ಈಗ ತಲೆ ಎತ್ತಿ ಉತ್ತರ ಕೊಡುತ್ತಿದ್ದರಿಂದ ಮೊದಲಿಗಿಂತ ಜೋರಾಗಿಯೇ ನಡೆದವು. ಆದರೆ ವಾರಗಟ್ಟಲೆ ಮಾತು ಬಿಟ್ಟಿದ್ದಾಗಲೂ, ಅವ್ವ ರಾಗಿ ಕೇರುತ್ತಲೋ ಸೊಪ್ಪು ಬಿಡಿಸುತ್ತಲೋ ಕೂತಿದ್ದಾಗ, ಅಜ್ಜಿ ಇದ್ದಕ್ಕಿದ್ದಂತೆ ಬಂದು ಎದುರಿಗೆ ನಿಲ್ಲುವುದಿತ್ತು. ಆವತ್ತು ಆಸ್ಪತ್ರೇಲಿ ಅದೇನೋ ಯೋಳಿದ್ಯಲ್ಲ ನಿಂಗಮ್ಮ, ಎನ್ನುತ್ತಿದ್ದಳು. ಎಷ್ಟೇ ಸಿಟ್ಟಿರಲಿ, ಅವ್ವ ಮೊರವನ್ನು ಕೆಳಗಿಟ್ಟು, ಒಂದು ಮಾತೂ ಕಡಿಮೆಯಾಗದಂತೆ ಅಷ್ಟನ್ನೂ ಹೇಳುತ್ತಿದ್ದಳು.